ಆಕ್ಟೇವ್ ಹೆಚ್ಚಿಸಿದರೆ ಬೆಟ್ಟ ಸಹಜವಾಗುತ್ತಾ?

ಪ್ರಶ್ನೆ: ಪರ್ಲಿನ್ ನಾಯ್ಸ್ (ನಯವಾಗಿ ಏರಿಳಿಯುವ ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ ವಿಧಾನ) ಬಳಸಿ ಗೇಮ್‌ಗೆ ಬೆಟ್ಟಗುಡ್ಡ ಮಾಡುತ್ತಿದ್ದೇನೆ. ಗ್ರಿಡ್ 4 ಮೀಟರ್‌ನದು, ಅಂದರೆ 4 ಮೀಟರ್‌ಗೊಂದು ಎತ್ತರದ ಬಿಂದು. ಒಂದರ ಮೇಲೊಂದು ಕೂಡಿಸುವ ನಾಯ್ಸ್ ಪದರಗಳಲ್ಲಿ (ಆಕ್ಟೇವ್) ಮೊದಲನೆಯದರ ಅಲೆ 1000 ಮೀಟರ್ ಉದ್ದ, 200 ಮೀಟರ್ ಎತ್ತರ. ಪ್ರತಿ ಆಕ್ಟೇವ್‌ಗೂ ಎರಡೂ ಅರ್ಧವಾಗುತ್ತವೆ. ಒಟ್ಟು 8 ಹಾಕಿದ್ದೇನೆ. ಆದರೂ ಎಲ್ಲಿ ನೋಡಿದರೂ ಒಂದೇ ಥರದ ಉಬ್ಬುತಗ್ಗು. ಆಕ್ಟೇವ್ ಇನ್ನೂ ಜಾಸ್ತಿ ಮಾಡಲೇ?

ಉತ್ತರ: ಬೇಡ. ಈಗಿರುವುದೇ ಒಂದು ಹೆಚ್ಚಾಗಿದೆ. ನಿಮ್ಮ ಎಂಟನೇ ಆಕ್ಟೇವ್‌ನ ಅಲೆ ಸುಮಾರು 7.8 ಮೀಟರ್. ಒಂದು ಅಲೆಗೆ ಕನಿಷ್ಠ ಎರಡು ಬಿಂದು ಬೇಕು, ಹಾಗಾಗಿ 4 ಮೀಟರ್ ಗ್ರಿಡ್‌ನಲ್ಲಿ 8 ಮೀಟರ್‌ಗಿಂತ ಚಿಕ್ಕ ಅಲೆ ನಿಲ್ಲುವುದೇ ಇಲ್ಲ, ಸುಮ್ನೆ ಗಲೀಜಾಗಿ ಕಾಣುತ್ತದೆ.

ಅಸಲಿ ತೊಂದರೆ ಬೇರೆ. ಕೆನ್ ಪರ್ಲಿನ್ 1985ರಲ್ಲಿ ಈ ನಾಯ್ಸ್ ಪ್ರಕಟಿಸಿದ್ದು ಮುಖ್ಯವಾಗಿ ಟೆಕ್ಸ್ಚರ್‌ಗಳಿಗಾಗಿ, ಅಂದರೆ ವಸ್ತುಗಳ ಮೇಲ್ಮೈ ವಿನ್ಯಾಸಕ್ಕಾಗಿ. ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದೇ ಗೊತ್ತಿಲ್ಲ. ತುದಿಯಲ್ಲಿ ಎಷ್ಟು ಒರಟೋ ತಳದಲ್ಲೂ ಅಷ್ಟೇ ಒರಟು. ನಿಜವಾದ ನೆಲ ಹಾಗಿರಲ್ಲ ಅಲ್ವಾ? ಮಣ್ಣು ಬಂದು ಕೂತ ಕಣಿವೆಯ ತಳ ನುಣುಪಾಗಿರುತ್ತದೆ. ಹಾಗಾಗಿ ಮುಂದಿನ ಆಕ್ಟೇವ್ ಕೂಡಿಸುವಾಗ ಆ ಜಾಗದ ಈವರೆಗಿನ ಎತ್ತರದಿಂದ ಅದನ್ನು ಗುಣಿಸಿ. ಎತ್ತರವನ್ನು 0ಯಿಂದ 1ರೊಳಗೆ ತಂದುಕೊಂಡೇ ಗುಣಿಸಬೇಕು. ಒಂದೇ ಸಾಲಿನ ಬದಲಾವಣೆ, ಆದರೆ ತಗ್ಗುಗಳು ಕೂಡಲೇ ನಯವಾಗುತ್ತವೆ.

ಇಷ್ಟಾದರೂ ನೀರು ಹರಿಯಲು ದಾರಿ ಇರುವುದಿಲ್ಲ. ನಾಯ್ಸ್‌ನ ತುಂಬ ಹೊರದಾರಿಯೇ ಇಲ್ಲದ ಗುಂಡಿಗಳು. ಅದಕ್ಕೆ ನೀರು ಮಣ್ಣನ್ನು ಕೊರೆಯುವುದನ್ನು ಅನುಕರಿಸುವ ಲೆಕ್ಕ ಬೇಕು. ಗ್ರಾಫಿಕ್ಸ್ ಸಂಶೋಧಕ ಮಸ್‌ಗ್ರೇವ್ ಮತ್ತು ಸಂಗಡಿಗರು 1989ರಲ್ಲೇ ಇದನ್ನು ತೋರಿಸಿದ್ದರು. ಇವತ್ತು ಸುಲಭದ ದಾರಿ ಲೆಕ್ಕದಲ್ಲೇ ನೀರಿನ ಹನಿ ಬಿಡುವುದು. ಎಲ್ಲೋ ಒಂದು ಕಡೆ ಹನಿ ಹಾಕಿ, ಇಳಿಜಾರಿನ ಕಡೆ ಹೆಜ್ಜೆಹೆಜ್ಜೆಯಾಗಿ ಸರಿಸಿ. ಕಡಿದಾದ ಕಡೆ ವೇಗವಾಗಿ ಓಡುವ ಹನಿ ಹೆಚ್ಚು ಮಣ್ಣು ಹೊರಬಲ್ಲದು, ಅಲ್ಲಿ ಅದು ನೆಲ ಕೊರೆಯಲಿ. ಇಳಿಜಾರು ಸಪಾಟಾದಾಗ ಹೊರಲಾಗದ ಮಣ್ಣನ್ನು ಅಲ್ಲೇ ಬಿಡಲಿ. ಮುಂದಿನ ಹೆಜ್ಜೆ ಏರಾಗಿದ್ದರೆ ಗುಂಡಿಗೆ ಬಿದ್ದಿದೆ ಎಂದರ್ಥ, ಆ ಏರಿನಷ್ಟೇ ಮಣ್ಣು ತುಂಬಿಸಿ. ಇನ್ನೂ ಜಾಸ್ತಿ ಸುರಿದರೆ ಅಲ್ಲೊಂದು ಮೊನೆ ಎದ್ದು ನಿಲ್ಲುತ್ತದೆ. ಕೊರೆಯುವಾಗಲೂ ಒಂದೇ ಬಿಂದುವನ್ನು ಅಗೆಯಬೇಡಿ, ಸುತ್ತಲಿನ ಎರಡು ಮೂರು ಬಿಂದುಗಳಿಗೂ ಹಂಚಿ. ಇಲ್ಲದಿದ್ದರೆ ಒಂದೇ ಗೆರೆಯ ಸೀಳುಗಳು ಬರುತ್ತವೆ.

ಲಕ್ಷಗಟ್ಟಲೆ ಹನಿ ಬೇಕಾಗುತ್ತದೆ. ಗೇಮ್ ಓಡುವಾಗ ಇದನ್ನು ಮಾಡಲು ಹೋಗಬೇಡಿ, ಮೊದಲೇ ಲೆಕ್ಕ ಹಾಕಿ ಹೈಟ್‌ಮ್ಯಾಪ್ (ಪ್ರತಿ ಬಿಂದುವಿನ ಎತ್ತರ ಇರುವ ಚಿತ್ರ) ಆಗಿ ಉಳಿಸಿಡಿ. ಉಳಿಸುವಾಗ 16 ಬಿಟ್ ಇರಲಿ. 8 ಬಿಟ್‌ನಲ್ಲಿ ಇರುವುದು 256 ಮಟ್ಟ ಮಾತ್ರ. 500 ಮೀಟರ್ ಬೆಟ್ಟಕ್ಕೆ ಸುಮಾರು 2 ಮೀಟರ್‌ಗೊಂದು ಮೆಟ್ಟಿಲು ಬಂದು, ಹನಿಗಳು ಕೊರೆದ ಸಣ್ಣ ಕಾಲುವೆಗಳೆಲ್ಲ ಅಳಿಸಿಹೋಗುತ್ತವೆ.