ಆಲ್ಪ್ಸ್ ಇಳಿಜಾರುಗಳ ಬೆಳ್ಳಿ ಥಿಸಲ್ ಮಳೆಗೆ ಮುನ್ನ ಮುಚ್ಚಿಕೊಳ್ಳುವುದು ಹೇಗೆ?

ಗಾಳಿಯ ತೇವಾಂಶದಿಂದ. ಈ ಗಿಡದ ಶಾಸ್ತ್ರೀಯ ಹೆಸರು ಕಾರ್ಲಿನಾ ಅಕಾಲಿಸ್. 'ಅಕಾಲಿಸ್' ಎಂದರೆ ಕಾಂಡವಿಲ್ಲದ್ದು. ಸಾಮಾನ್ಯವಾಗಿ ಮುಳ್ಳೆಲೆಗಳು ನೆಲಕ್ಕಂಟಿ ಚಕ್ರದಂತೆ ಹರಡಿರುತ್ತವೆ, ಅವುಗಳ ನಡುವೆ ಒಂದೇ ದೊಡ್ಡ ಹೂಗೊಂಚಲು ಕುಳಿತಿರುತ್ತದೆ.

ಸುತ್ತಲೂ ಬೆಳ್ಳಿಯಂತೆ ಹೊಳೆಯುವುವು ದಳಗಳಲ್ಲ, ರೂಪಾಂತರಗೊಂಡ ಎಲೆಗಳು. ಸೂರ್ಯಕಾಂತಿಯ ಕುಟುಂಬದ ಗಿಡವಾದ್ದರಿಂದ ನಿಜವಾದ ಹೂಗಳು ನಡುವಿನ ತಟ್ಟೆಯಲ್ಲಿ ಒತ್ತೊತ್ತಾಗಿರುವ ಪುಟ್ಟ ಕೊಳವೆಗಳು. ಆ ಬೆಳ್ಳಿ ಎಲೆಗಳು ಬಲಿತ ಮೇಲೆ ಒಣಗಿದ, ಜೀವವಿಲ್ಲದ ಅಂಗಾಂಶ. ತೇವ ಹೆಚ್ಚಿದಾಗ ಅವುಗಳ ಹೊರಮೈ ಒಳಮೈಗಿಂತ ಹೆಚ್ಚು ಉಬ್ಬುತ್ತದೆ. ಎಲೆ ಒಳಕ್ಕೆ ಬಾಗಿ ಹೂವಿಗೆ ಗುಡಾರವಾಗುತ್ತದೆ, ಪರಾಗ ನೆನೆಯದೆ ಉಳಿಯುತ್ತದೆ. ಒಣಗಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಪೈನ್ ಕಾಯಿಯ ಹುರುಪೆಗಳು ತೆರೆದು ಮುಚ್ಚುವುದೂ ಇದೇ ತತ್ತ್ವದಿಂದ. ಜೀವಕೋಶದ ಶಕ್ತಿ ಬೇಕಿಲ್ಲದ ಕಾರಣ, ಕಿತ್ತು ಒಣಗಿಸಿದ ಹೂವೂ ವರ್ಷಗಟ್ಟಲೆ ಹೀಗೆಯೇ ವರ್ತಿಸುತ್ತದೆ! ಹಳ್ಳಿಗರು ಅದನ್ನು ಬಾಗಿಲಿಗೆ ತೂಗುಹಾಕಿ ಹವಾಮಾನ ಊಹಿಸುತ್ತಿದ್ದರು. ಆದರೆ ಅದು ತೋರಿಸುವುದು ಆ ಹೊತ್ತಿನ ತೇವವನ್ನು ಮಾತ್ರ, ನಾಳೆಯ ಮಳೆಯನ್ನಲ್ಲ.

ಸುಣ್ಣಕಲ್ಲಿನ, ಬಿಸಿಲು ಬೀಳುವ ಬಡ ಹುಲ್ಲುಗಾವಲು ಇದಕ್ಕೆ ಇಷ್ಟ. ಮುಳ್ಳಿಗೆ ಹೆದರಿ ದನಗಳು ಬಿಟ್ಟುಬಿಡುವುದರಿಂದ ಮೇಯುವ ಜಾಗದಲ್ಲೂ ಬದುಕುತ್ತದೆ. ಹಿಂದೆ ಇದರ ಬೇರು ಔಷಧಿಯಾಗಿತ್ತು, ಆದರೆ ಅದರ ತೈಲದಲ್ಲಿ ವಿಷಕಾರಿ ಅಂಶವಿದೆ. ಜರ್ಮನಿಯಲ್ಲಿ ಇದು ಕಾನೂನಿನ ರಕ್ಷಣೆ ಪಡೆದ ಸಸ್ಯ. ಎದುರಾದರೆ ದಯವಿಟ್ಟು ಕೀಳಬೇಡಿ, ಬಗ್ಗಿ ನೋಡಿ.