ರಾತ್ರಿ ನೆನೆಸಿಟ್ಟರೂ ಬೀಜ ಮೊಳೆಯದಿದ್ದರೆ ಏನು ಮಾಡಬೇಕು?

ಶಂಖಪುಷ್ಪ, ಹಾಗಲ, ಲ್ಯಾವೆಂಡರ್ ಮೂರನ್ನೂ ರಾತ್ರಿಯಿಡೀ ನೆನೆಸಿ ಹಾಕಿದರೂ ಒಂದೂ ಹುಟ್ಟಲಿಲ್ಲ, ಬೀಜವೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಬೀಜ ಚೆನ್ನಾಗೇ ಇರಬಹುದು. ಮೂರೂ ಹಟ ಹಿಡಿಯುವುದು ಬೇರೆ ಬೇರೆ ಕಾರಣಕ್ಕೆ, ಒಂದೇ ಮದ್ದು ಎಲ್ಲಕ್ಕೂ ನಾಟುವುದಿಲ್ಲ.

ಶಂಖಪುಷ್ಪದ ತೊಂದರೆ ಸಿಪ್ಪೆಯದು. ಅದು ಎಷ್ಟು ಗಟ್ಟಿ ಅಂದರೆ ನೀರು ಒಳಗೆ ಇಳಿಯುವುದೇ ಇಲ್ಲ, ಸುಮ್ನೆ ನೆನೆಸಿ ಏನು ಪ್ರಯೋಜನ? ಉಪ್ಪುಕಾಗದದ ಮೇಲೆ ಬೀಜದ ಒಂದು ಬದಿಯನ್ನು ಉಜ್ಜಿ, ಒಳಗಿನ ತಿಳಿ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ಬೀಜದ ಕಣ್ಣಿನ ಹತ್ತಿರ ಮಾತ್ರ ಕೈ ಹಾಕಬೇಡಿ, ಬೇರು ಹೊರಡುವುದು ಅದರ ಪಕ್ಕದಿಂದಲೇ. ಆಮೇಲೆ ಉಗುರು ಬೆಚ್ಚಗಿನ ನೀರಲ್ಲಿ 12 ಗಂಟೆ ಬಿಡಿ. ಬೆಳಿಗ್ಗೆ ನೋಡಿದರೆ ಕೆಲವು ಉಬ್ಬಿರುತ್ತವೆ, ಕೆಲವು ಹಾಕಿದ ಹಾಗೇ ಇರುತ್ತವೆ. ಉಬ್ಬಿದ್ದನ್ನು ಒಣಗಲು ಬಿಡದೆ ತಕ್ಷಣ ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ ನೆನೆಸಿ. 24 ಗಂಟೆಗಿಂತ ಜಾಸ್ತಿ ನೀರಲ್ಲಿ ಮುಳುಗಿಸಿಟ್ಟರೆ ಗಾಳಿ ಸಿಗದೆ ಒಳ್ಳೆಯ ಬೀಜವೂ ಕೊಳೆಯುತ್ತದೆ. ಮಾರ್ನಿಂಗ್ ಗ್ಲೋರಿಗೂ ಇದೇ ಉಪಾಯ. ಕಾಬಾಳೆ ಬೀಜಕ್ಕೆ ಉಪ್ಪುಕಾಗದ ಸಾಲದು, ಅರವೇ ಬೇಕು. ಕುದಿಯುವ ನೀರು ಸುರಿಯಿರಿ ಅಂತಲೂ ಹೇಳುವವರಿದ್ದಾರೆ. ನನಗೇನೋ ಅದು ಇಷ್ಟವಿಲ್ಲ, ಬಿಸಿ ಸ್ವಲ್ಪ ಹೆಚ್ಚಾದರೂ ಬೀಜ ಬೆಂದೇ ಹೋಗುತ್ತದೆ.

ಹಾಗಲಕ್ಕೆ ಬೇಕಾದ್ದು ಮುಖ್ಯವಾಗಿ ಬೆಚ್ಚಗಿನ ಜಾಗ. ಮಣ್ಣು 25ರಿಂದ 30 ಡಿಗ್ರಿ ಇದ್ದರೆ ಸಲೀಸಾಗಿ ಬರುತ್ತದೆ, ತಣ್ಣಗಿನ ಒದ್ದೆ ಮಣ್ಣಲ್ಲಿ ಕೂತು ಕೊಳೆಯುತ್ತದೆ. ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಬೆಚ್ಚಗಿರುವ ಕಡೆ ಇಡಿ, ಮೊಳಕೆ ಕಂಡ ಮೇಲೆ ಮಣ್ಣಿಗೆ. ಮೆಣಸಿನಕಾಯಿ, ಬದನೆಯೂ ಹೀಗೇ ಶಾಖ ಕೇಳುತ್ತವೆ.

ಲ್ಯಾವೆಂಡರ್ ಪೂರ್ತಿ ಉಲ್ಟಾ. ಚಳಿಗಾಲ ಕಳೆದಿದೆ ಅಂತ ಅದಕ್ಕೆ ಅನಿಸಬೇಕು. ತೇವದ ಮರಳಲ್ಲಿ ಬೆರೆಸಿ, ಕವರಿನಲ್ಲಿ ಕಟ್ಟಿ, ಸುಮಾರು 4 ಡಿಗ್ರಿ ಇರುವ ಫ್ರಿಜ್ಜಿನಲ್ಲಿ ನಾಲ್ಕೈದು ವಾರ ಇಡಿ. ಫ್ರೀಜರ್ ಬೇಡ. ಒಣ ಪೊಟ್ಟಣವನ್ನೇ ಫ್ರಿಜ್ಜಿಗೆ ತಳ್ಳಿದರೆ ಬೀಜ ಹೆಚ್ಚು ದಿನ ಬಾಳುತ್ತದೆ ಅಷ್ಟೆ, ನಿದ್ದೆಯಿಂದ ಏಳುವುದಿಲ್ಲ. ತಂಪಿನ ಜೊತೆ ತೇವವೂ ಬೇಕು. ಬಿತ್ತುವಾಗ ಆಳಕ್ಕೆ ಹೂಳಬೇಡಿ, ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಬೆಳಕು ಬಿದ್ದರೆ ಚೆನ್ನಾಗಿ ಹುಟ್ಟುತ್ತದೆ. ಪೆಟೂನಿಯಾ, ಲೆಟ್ಯೂಸ್‌ಗೂ ಬೆಳಕು ಬೇಕು. ಲೆಟ್ಯೂಸ್ ಮಾತ್ರ 30 ಡಿಗ್ರಿ ದಾಟಿದರೆ ಮುನಿಸಿಕೊಳ್ಳುತ್ತದೆ.

ಇಷ್ಟಾದರೂ ಅನುಮಾನ ಇದ್ದರೆ, ಹೀಗೆ ಹದ ಮಾಡಿದ 10 ಬೀಜ ಒದ್ದೆ ಟಿಶ್ಯೂವಿನಲ್ಲಿಟ್ಟು ಎಷ್ಟು ಮೊಳೆಯುತ್ತವೆ ನೋಡಿ. ಐದಾರು ಬಂದರೆ ಸ್ವಲ್ಪ ದಟ್ಟವಾಗಿ ಬಿತ್ತಿ, ಒಂದೆರಡೇ ಬಂದರೆ ಹೊಸ ಬೀಜ ತಗೊಳ್ಳಿ. ಅದರಲ್ಲೂ ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ, ಅದನ್ನು ನೆನೆಸಿದರೂ ಅಷ್ಟೇ, ಉಜ್ಜಿದರೂ ಅಷ್ಟೇ.