ವಿದೇಶದಲ್ಲಿ ಸಿಕ್ಕಿಬಿದ್ದರೆ ಯಾರು ಬಿಡಿಸುತ್ತಾರೆ?

ಪ್ರಶ್ನೆ: ನನ್ನ ಮಗ ಕಾಲೇಜು ಗೆಳೆಯರೊಡನೆ ಸಿಂಗಪುರ, ದುಬೈ ಪ್ರವಾಸಕ್ಕೆ ಹೊರಟಿದ್ದಾನೆ. ಅಲ್ಲಿ ಏನಾದರೂ ಎಡವಟ್ಟಾದರೆ ನಮ್ಮ ರಾಯಭಾರ ಕಚೇರಿಯವರು ಬಿಡಿಸಿಕೊಂಡು ಬರುವುದಿಲ್ಲವೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅಂಥ ಅಧಿಕಾರ ಅವರಿಗಿಲ್ಲ. ದೂತಾವಾಸಗಳ ಕೆಲಸದ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದಂತೆ, ಬಂಧಿತನು ಕೇಳಿಕೊಂಡರೆ ಪೊಲೀಸರು ಅವನ ದೇಶದ ಕಚೇರಿಗೆ ವಿಷಯ ತಿಳಿಸಬೇಕು. ಆ ಕಚೇರಿಯ ಅಧಿಕಾರಿಗಳು ಅವನನ್ನು ಭೇಟಿಯಾಗಿ ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು, ಆದರೆ ತೀರ್ಪು ಆಯಾ ದೇಶದ ನ್ಯಾಯಾಲಯದ್ದೇ. ಸಿಂಗಪುರದಲ್ಲಿ ಕಾರುಗಳಿಗೆ ಬಣ್ಣ ಎರಚಿದ ಪ್ರಕರಣದಲ್ಲಿ 18 ವರ್ಷದ ಅಮೆರಿಕನ್ ಹುಡುಗನೊಬ್ಬನಿಗೆ 1994ರಲ್ಲಿ ಸೆರೆವಾಸದ ಜೊತೆಗೆ ಆರು ಬೆತ್ತದೇಟುಗಳ ಶಿಕ್ಷೆಯಾದಾಗ, ಸ್ವತಃ ಅಧ್ಯಕ್ಷ ಕ್ಲಿಂಟನ್ ಮನವಿ ಮಾಡಿಕೊಂಡರೂ ಏಟುಗಳು ನಾಲ್ಕಕ್ಕೆ ಇಳಿದವೇ ಹೊರತು ಶಿಕ್ಷೆ ರದ್ದಾಗಲಿಲ್ಲ. ಎಳೆಯರ ಮೈಮೇಲೆ ಬೆತ್ತವಾಡಿಸುವುದು ಕ್ರೌರ್ಯವೆಂದೇ ನನ್ನ ದೃಢ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯ ನಿಮ್ಮ ಮಗನನ್ನು ಅಲ್ಲಿ ಕಾಯಲಾರದು. ಅದೇ ದೇಶದಲ್ಲಿ 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಸಾಗಿಸಿದವರಿಗೆ ಮರಣದಂಡನೆಯೂ ಆಗಬಹುದು.

ದುಬೈಗೆ ಪಾಯಸದ ಗಸಗಸೆಯನ್ನೂ ಒಯ್ಯುವಂತಿಲ್ಲ, ಅಲ್ಲಿ ಅದು ನಿಷಿದ್ಧ. ನಿದ್ರೆಗೋ ನೋವಿಗೋ ಮಾತ್ರೆ ಇದ್ದರೆ, ಅದಕ್ಕೆ ಪೂರ್ವಾನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ, ವೈದ್ಯರ ಚೀಟಿಯನ್ನೂ ಜೊತೆಗಿಡಿ. ಬ್ಯಾಗನ್ನು ಅವನೇ ತುಂಬಲಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪರಿಚಿತರೇ ಪೊಟ್ಟಣ ಕೊಟ್ಟರೂ ಒಲ್ಲೆನೆನ್ನಲಿ.